ಸ್ಟೀಲ್ ಡಬ್ಬಿಯೊಳಗಿನ ಬ್ಯಾಟರಿ

ನನ್ನ ಹೆಂಡತಿಯ ನೋವಿಗೆ ಗಾಂಜಾವನ್ನು ಔಷಧಿಯಾಗಿ ಬರೆದುಕೊಟ್ಟ ದಿನ ನಾನು ಕೇಳಿದ ಮೊದಲ ಪ್ರಶ್ನೆ, ಇದರಿಂದ ಅವಳಿಗೆ ಆರಾಮವಾಗುತ್ತದೆಯೇ ಎಂದಲ್ಲ. ಮನೆಯಲ್ಲಿ ವಾಸನೆ ಬರುತ್ತದೆಯೇ ಎಂದು. ವೀಡಿಯೊ ಕರೆಯ ಆ ಕಡೆ ಕೂತಿದ್ದ ನೋವಿನ ತಜ್ಞೆ, ಇದನ್ನು ಸೇದುವಂತಿಲ್ಲ, ಸುಡುವಂತಿಲ್ಲ, ಬರೀ ಬಿಸಿ ಮಾಡಿ ಆವಿ ಎಳೆದುಕೊಳ್ಳಬೇಕು, ಅದಕ್ಕೊಂದು ಸಾಧನವಿದೆ, ವಾಸನೆ ಇರುತ್ತದೆ ಆದರೆ ಹೊಗೆಯಷ್ಟಲ್ಲ ಎಂದು ವಿವರಿಸಿದರು. ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. ಕ್ಯಾಮೆರಾಗೆ ಕಾಣದ ಹಾಗೆ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಳು.

ಅದಕ್ಕೆ ಕೆಲವು ತಿಂಗಳ ಹಿಂದೆ ಅವಳ ಬೆನ್ನಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಮೂಳೆ ಸರಿಹೋಯಿತು, ನರ ಸರಿಹೋಗಲಿಲ್ಲ. ಸೊಂಟದಿಂದ ಎಡಪಾದದವರೆಗೆ ಕಾದ ತಂತಿ ಎಳೆದ ಹಾಗಾಗುತ್ತದೆ ಎನ್ನುತ್ತಿದ್ದಳು. ಜಿಪಿ, ಅಂದರೆ ಇಲ್ಲಿನ ನಮ್ಮ ಮನೆವೈದ್ಯರು, ಬರೆದುಕೊಟ್ಟ ನರದ ಮಾತ್ರೆಗಳು ಒಂದಾದ ಮೇಲೊಂದು ಬಂದವು. ಅವು ನೋವನ್ನು ಅರ್ಧ ಇಳಿಸಿ ತಲೆಯನ್ನು ಪೂರ್ತಿ ಮಬ್ಬು ಮಾಡಿದವು. ಅವಳು ಧಾರವಾಡದವಳು, ವಚನ ಹಾಡುತ್ತಲೇ ಬೆಳೆದವಳು. ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನ ನಮ್ಮ ಮನೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತು, ಇಲ್ಲೇ ಹುಟ್ಟಿದ ಏಳೆಂಟು ಮಕ್ಕಳಿಗೆ ವಚನ ಹೇಳಿಕೊಡುತ್ತಿದ್ದಳು. ಇವಳು ಕನ್ನಡದಲ್ಲಿ ಕೇಳಿದರೆ ಅವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ಹಾಡುವಾಗ ಮಾತ್ರ ಅಚ್ಚ ಕನ್ನಡ.

ಮಾತ್ರೆ ಶುರುವಾದ ಮೂರನೇ ತಿಂಗಳು, ಒಂದು ಶನಿವಾರ, ಅವಳು ಹಾಡುತ್ತಾ ಹಾಡುತ್ತಾ ನಡುವೆ ನಿಂತುಬಿಟ್ಟಳು. ಮುಂದಿನ ಸಾಲು ನೆನಪಾಗಲಿಲ್ಲ. ಲಂಗ ಹಾಕುವ ವಯಸ್ಸಿನಿಂದ ಹಾಡಿಕೊಂಡು ಬಂದ ವಚನ ಅದು. ಪರದೆಯ ಮೇಲಿದ್ದ ಒಂದು ಹುಡುಗಿಯೇ ಸಾಲನ್ನು ಎತ್ತಿಕೊಟ್ಟಳು. ಇವಳು ನಕ್ಕು, ಪಾಠ ಮುಗಿಸಿ, ಅಡುಗೆಮನೆಗೆ ಬಂದು ಸಿಂಕಿನ ಅಂಚು ಹಿಡಿದು ನಿಂತು ಅತ್ತಳು.

"ಕಾಲು ಹೋದ್ರ ಹೋಗ್ಲಿ" ಎಂದಳು. "ಹಾಡೂದು ಹೋದ್ರ ನಾ ಏನ್ ಮಾಡ್ಲಿ?"

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ನೋವು ಪೂರ್ತಿ ಹೋಗಬೇಕು ಎಂದು ಅವಳು ಯಾವತ್ತೂ ಹಟ ಮಾಡಲಿಲ್ಲ. ಸಾಲು ಮರೆಯದ ಹಾಗೆ, ಒಂದು ಗಂಟೆ ನೆಟ್ಟಗೆ ಕೂತು ಹಾಡುವಷ್ಟು ಬಿಡುವು ಸಿಕ್ಕರೆ ಸಾಕಿತ್ತು. ಅದನ್ನು ಹುಡುಕಿಕೊಂಡು ಹೋಗಿಯೇ ನಾವು ಆ ತಜ್ಞೆಯ ಮುಂದೆ ಕೂತದ್ದು.

ಔಷಧಾಲಯದ ಚೀಟಿ ಅಂಟಿಸಿದ ಪ್ಲಾಸ್ಟಿಕ್ ಭರಣಿಯಲ್ಲಿ ಒಣ ಹೂವು ಬಂತು. ಅದರ ಹಿಂದೆಯೇ ಸಾಧನವೂ ಬಂತು. ವೇಪರೈಸರ್ ಎಂದು ಅದರ ಹೆಸರು. ಚಿಕ್ಕ ಟಾರ್ಚಿನಷ್ಟು ದೊಡ್ಡದು, ಮೇಲೆ ಗಾಜಿನ ಬಾಯಿತುಂಡು, ಒಳಗೆ ಉಗುರಿನಗಲದ ಒಲೆ, ಬುಡದಲ್ಲಿ ಹೆಬ್ಬೆರಳಿನ ಗಾತ್ರದ ಬ್ಯಾಟರಿ. ತೆಗೆದು ಹಾಕಬಹುದಾದ ಬ್ಯಾಟರಿ. ಜೊತೆಗೆ ಇನ್ನೊಂದು ಹೆಚ್ಚುವರಿ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಕೆಲಸ ಮಾಡುವುದು ಕಾರುಗಳ ಬ್ಯಾಟರಿಯನ್ನು ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿ. ಅಲ್ಲಿ ಉಂಗುರ, ಕಡಗ, ಗಡಿಯಾರ ಎಲ್ಲ ಕಳಚಿಟ್ಟೇ ಒಳಗೆ ಹೋಗಬೇಕು. ಲೋಹ ತಗುಲಿ ಬ್ಯಾಟರಿಯ ಎರಡು ತುದಿ ಸೇರಿದರೆ ಏನಾಗುತ್ತದೆ ಎಂದು ಹೊಸಬರಿಗೆ ಪಾಠ ಹೇಳುವವನು ನಾನೇ. ಹಾಗಾಗಿ ಆ ಪುಟ್ಟ ಯಂತ್ರ ಮನೆಗೆ ಬಂದಾಗ ನನಗೆ ಖುಷಿಯಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಖುಷಿಯೇ. ಆಪರೇಷನ್ ಆದಾಗಿನಿಂದ ನನಗೆ ಅರ್ಥವಾಗುವ ವಸ್ತು ಒಂದೂ ಆ ಮನೆಯಲ್ಲಿರಲಿಲ್ಲ.

ಎರಡು ದಿನ ಅದರ ಕೈಪಿಡಿ ಓದಿದೆ. ಯಾವ ತಾಪಕ್ಕೆ ಎಷ್ಟು ನಿಮಿಷ, ಯಾವಾಗ ಜಾಲರಿ ಬದಲಿಸಬೇಕು, ಬ್ಯಾಟರಿಯನ್ನು ಎಷ್ಟು ಇಳಿಯಲು ಬಿಡಬಹುದು. ಬೇರೆಯವರು ಬರೆದ ಸಲಹೆಗಳನ್ನೂ ಓದಿದೆ. ಖಾಲಿ ಒಲೆಯನ್ನು ನಾಲ್ಕು ಸಲ ಕಾಯಿಸಿ ಹೊಸ ಲೋಹದ ವಾಸನೆ ಕಳೆದೆ. ಎರಡನೇ ದಿನ ಸಂಜೆ ಅವಳು ಸೋಫಾದಿಂದ ಕೇಳಿದಳು:

"ಇವತ್ತರೆ ಕೊಡ್ತೀರೇನ್ರಿ ಅದನ್ನ, ಇಲ್ಲಾ ಪರೀಕ್ಷಾ ಬರೀಲಿಕ್ಕ ಹೊಂಟೀರಿ?"

ಕೊಟ್ಟೆ. ಮೊದಲ ಸಲ ಕೆಮ್ಮಿದಳು. ಕಾವು ಇಳಿಸಿದೆ, ಎರಡನೇ ಸಲ ಸರಿಹೋಯಿತು. ಸುಮಾರು ಹತ್ತು ನಿಮಿಷದ ಮೇಲೆ ಕಾಲನ್ನು ಸ್ಟೂಲಿನಿಂದ ತಾನೇ ಇಳಿಸಿ ನೆಲದ ಮೇಲಿಟ್ಟಳು. "ನೋವು ಹೋಗಿಲ್ಲ. ಬಾಜೂ ಮನಿಗೆ ಹೋಗಿ ಕೂತೈತಿ" ಎಂದಳು. ಮಾರನೇ ವಾರ ಅವಳು ಪಾತ್ರೆ ಒರೆಸುತ್ತಾ ಆ ಮರೆತ ವಚನವನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದ್ದು ಮೇಲಿನ ಕೋಣೆಗೆ ಕೇಳಿಸಿತು. ನಾನು ಆಗ ಜಾಲರಿ ತೊಳೆಯುತ್ತಿದ್ದೆ.

ತೊಳೆಯುವುದು ನನ್ನ ಕೆಲಸವಾಯಿತು. ಎಲ್ಲವೂ ನನ್ನ ಕೆಲಸವಾಯಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೂವನ್ನು ಚಿಕ್ಕ ತಿರುಗಣೆಯಲ್ಲಿ ಪುಡಿ ಮಾಡಿ, ಪುಟ್ಟ ಸ್ಟೀಲ್ ಚಮಚದಿಂದ ಒಲೆಗೆ ತುಂಬುತ್ತಿದ್ದೆ. ಬಿಗಿಯಾಗಿ ತುಂಬಿದರೆ ಗಾಳಿಯಾಡುವುದಿಲ್ಲ, ಸಡಿಲವಾದರೆ ಒಂದೇ ಕಡೆ ಹುರಿಯುತ್ತದೆ. ಅವಳು ಎಳೆದು ಮುಗಿಸಿದ ಮೇಲೆ ಒಲೆ ಬೆಚ್ಚಗಿರುವಾಗಲೇ ಕುಂಚದಿಂದ ಗುಡಿಸಬೇಕು. ಹೊರಗೆ ಬೀಳುವುದು ಹೆಚ್ಚು ಹುರಿದ ಕಸೂರಿ ಮೇಥಿಯಂತೆ ಕಾಣುತ್ತದೆ. ಬಾಯಿತುಂಡು, ಜಾಲರಿ ಇವನ್ನು ಭಾನುವಾರಕ್ಕೊಮ್ಮೆ ಸ್ಪಿರಿಟ್ಟಿನಲ್ಲಿ ನೆನೆಸಿ, ಕಂದು ಜಿಡ್ಡು ಬಿಟ್ಟ ಮೇಲೆ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಜೋಡಿಸಬೇಕು. ಬ್ಯಾಟರಿಗಳಿಗೆ ಒಂದು, ಎರಡು ಎಂದು ಪೆನ್ನಿನಲ್ಲಿ ಬರೆದು ಸರದಿ ಹಾಕಿದೆ. ಕಲ್ಲಿನ ಕಟ್ಟೆಯ ಮೇಲೆ, ನನ್ನ ಕಣ್ಣೆದುರೇ ಚಾರ್ಜ್ ಆಗಬೇಕು. ಯಾವುದು ಯಾವತ್ತು ಚಾರ್ಜ್ ಆಯಿತು, ಎಷ್ಟು ಹೊತ್ತು ಬಂತು ಎಂದು ಕಂಪ್ಯೂಟರಿನಲ್ಲಿ ಬರೆದಿಟ್ಟೆ. ಆಫೀಸಿನಿಂದ ಬಂದವನೇ ಬೂಟು ಬಿಚ್ಚುವ ಮೊದಲು ಕೇಳುತ್ತಿದ್ದೆ, "ಚಾರ್ಜ್ ಎಷ್ಟಿದೆ?"

ಒಂದು ಸಲ ನಾನು ಬರುವುದು ತಡವಾಗಿ ಅವಳೇ ತುಂಬಿಕೊಂಡಿದ್ದಳು. ತುಂಬ ಒತ್ತಿ ತುಂಬಿ ಜಾಲರಿ ಕಟ್ಟಿಕೊಂಡಿತ್ತು. ನಾನು ಅವಳ ಕೈಯಿಂದ ಅದನ್ನು ಕಸಿದುಕೊಂಡೆ. ಕಸಿದುಕೊಂಡೆ ಎಂದೇ ಬರೆಯಬೇಕು, ತೆಗೆದುಕೊಂಡೆ ಎಂದರೆ ಸುಳ್ಳಾಗುತ್ತದೆ. "ಗೊತ್ತಿಲ್ಲದ ಮೇಲೆ ಯಾಕೆ ಮುಟ್ಟೋದು?" ಎಂದೆ.

ಅವಳು ಸಿಟ್ಟಾಗಲಿಲ್ಲ. "ನಾ ಎಳಕೊಳ್ಳೂ ಮುಂದ ನೀವು ಎಲ್ಲಿ ನೋಡ್ತಿರ್ತೀರಿ, ಗೊತ್ತೈತೇನು?" ಎಂದು ಕೇಳಿದಳು. "ಅದರ ಲೈಟ್ ನೋಡ್ತಿರ್ತೀರಿ."

ನಿಜವೇ. ಲೈಟು ನೀಲಿಯಿಂದ ಹಸಿರಾದರೆ ಕಾವು ಹಿಡಿಯಿತು ಎಂದರ್ಥ. ನಾನು ಕುಂಚ ಹಿಡಿದು ಪಕ್ಕದಲ್ಲಿ ನಿಂತು, ಯಾವಾಗ ಮುಗಿಯುತ್ತದೆ, ಯಾವಾಗ ಬೆಚ್ಚಗಿರುವಾಗಲೇ ಗುಡಿಸಲಿ ಎಂದು ಕಾಯುತ್ತಿದ್ದೆ. ಆ ಐದು ನಿಮಿಷ ಅವಳ ಮುಖ ಹೇಗಿರುತ್ತಿತ್ತು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಯಂತ್ರದ ವಿಷಯ ಕೇಳಿದ್ದರೆ ಒಂದು ಗಂಟೆ ಮಾತಾಡುತ್ತಿದ್ದೆ.

ಯಂತ್ರದ ವಿಷಯ ಕೇಳುವವರು ಯಾರಿದ್ದರು? ಯಾರಿಗೂ ಹೇಳಿರಲಿಲ್ಲವಲ್ಲ. ಈ ದೇಶದ ಕಾನೂನಿನ ಪ್ರಕಾರ ಏನೂ ತಪ್ಪಿರಲಿಲ್ಲ. ಭರಣಿಯ ಮೇಲೆ ಅವಳ ಹೆಸರು, ಔಷಧಾಲಯದ ಹೆಸರು, ಪ್ರಮಾಣ ಎಲ್ಲ ಅಚ್ಚಾಗಿತ್ತು. ಆದರೆ ನಮ್ಮ ಜನರ ಬಾಯಲ್ಲಿ ಅದು ಗಾಂಜಾ. ನಾನು ಬೆಳೆದ ಬೆಂಗಳೂರಿನ ಬೀದಿಯಲ್ಲಿ ಒಬ್ಬನನ್ನು ಗಾಂಜಾ ಗಿರಾಕಿ ಎಂದರೆ ಅವನ ತಂಗಿಗೆ ಗಂಡು ಸಿಗುತ್ತಿರಲಿಲ್ಲ. ಇಲ್ಲಿ, ಮೂವತ್ತು ನಲವತ್ತು ಕುಟುಂಬಗಳ ನಮ್ಮ ಬಳಗದಲ್ಲಿ, ಎಲ್ಲರೂ ಡಾಕ್ಟರು, ಎಂಜಿನಿಯರು, ಮಾರ್ಟ್‌ಗೇಜ್ ಕಟ್ಟಿಕೊಂಡು ಮಾನವಾಗಿ ಬದುಕುವವರು. ಅವರ ನಡುವೆ ನನ್ನ ಹೆಂಡತಿಯ ಹೆಸರಿನ ಜೊತೆಗೆ ಆ ಪದ ಓಡಾಡುವುದು ನನಗೆ ಬೇಡವಾಗಿತ್ತು. ಅವಳ ಹೆಸರು ಎಂದು ಬರೆದೆ. ನನ್ನ ಹೆಸರು ಎಂದು ಓದಿಕೊಳ್ಳಿ.

ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ನಮಗೆ ಬೇಕಾದ ಒಬ್ಬ ಡಾಕ್ಟರ್ ಇದ್ದಾರೆ. ಬೆಳಗಾವಿಯ ಕಡೆಯವರು, ನನ್ನ ಹೆಂಡತಿಗಿಂತ ಹತ್ತು ವರ್ಷ ಹಿರಿಯರು, ಅವಳಿಗೆ ಅಕ್ಕನ ಹಾಗೆ. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದರು. ನಾನು ಬೆಳಿಗ್ಗೆಯಿಂದಲೇ ಕಿಟಕಿ ತೆಗೆದು, ಊದುಬತ್ತಿ ಹಚ್ಚಿ, ಯಂತ್ರವನ್ನು ಬೀರುವಿನೊಳಗೆ ಸೇರಿಸಿದ್ದೆ. ಅವರು ಒಳಗೆ ಬಂದು ಕೋಟು ಬಿಚ್ಚುತ್ತಾ, "ಏನೋ ಸೊಪ್ಪು ಹುರಿದ ವಾಸನೆ" ಎಂದರು. ಅಷ್ಟೇ ಅಂದದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುವಂತೆ, ಯಾರೂ ಕೇಳದಿದ್ದರೂ ನಾನು, "ಮೆಂತ್ಯ, ಮೆಂತ್ಯದ ಪಲ್ಯ ಮಾಡಿದ್ವಿ" ಎಂದುಬಿಟ್ಟೆ. ಊಟಕ್ಕೆ ಕೂತಾಗ ಅವರು ಮೆಂತ್ಯದ ಪಲ್ಯವನ್ನು ಹುಡುಕಿದರು. ಮೇಜಿನ ಮೇಲೆ ಇದ್ದದ್ದು ಬದನೆಕಾಯಿ ಎಣ್ಣೆಗಾಯಿ.

ಅವರು ಹೋದ ಮೇಲೆ ನನ್ನ ಹೆಂಡತಿ ತಟ್ಟೆಗಳನ್ನು ಸಿಂಕಿಗೆ ಹಾಕುತ್ತಾ ಹೇಳಿದಳು: "ನಾ ಅಕ್ಕಾರ ಮುಂದ ಹೇಳಬೇಕಂತ ಮಾಡಿದ್ದೆ. ಅವರು ಡಾಕ್ಟರ್ ಅದಾರ, ತಿಳಕೋತಾರ. ನೀವು ನಡುವ ಬಾಯಿ ಹಾಕಿದ್ರಿ."

"ಜನ ನೂರು ಮಾತಾಡ್ತಾರೆ. ನಿಂಗೊತ್ತಿಲ್ಲ."

"ಗೊತ್ತೈತಿ. ನೋವು ನಂದು, ನಾಚಿಕಿ ನಿಮ್ದು. ಎರಡೂ ನಾನ ಹೊರಬೇಕಾಗೇತಿ."

ಆ ಮಾತಿಗೆ ನನಗೆ ಸಿಟ್ಟು ಬಂತು. ಸರಿಯಾದ ಮಾತಿಗೆ ನನಗೆ ಬೇಗ ಸಿಟ್ಟು ಬರುತ್ತದೆ.

ಆ ವರ್ಷದ ಯುಗಾದಿ ಕೂಟ ಲೆಸ್ಟರಿನಲ್ಲಿ ಎಂದಾಯಿತು. ನಮ್ಮ ಬಳಗ ಪ್ರತಿ ವಸಂತದಲ್ಲೂ ಒಂದು ಹಾಲ್ ಬಾಡಿಗೆಗೆ ಹಿಡಿದು ಮಾಡುವ ಕೂಟ. ಎರಡು ವರ್ಷ ನಾವು ಹೋಗಿರಲಿಲ್ಲ. ಈ ಸಲ ಕಾರ್ಯಕ್ರಮದ ಪಟ್ಟಿ ಬರೆಯುವವರು ಫೋನ್ ಮಾಡಿ ಹಾಡುತ್ತೀರಾ ಎಂದು ಕೇಳಿದಾಗ ಅವಳು ನನ್ನ ಮುಖ ನೋಡದೆ ಹ್ಞೂಂ ಎಂದಳು. ಒಂದು ತಿಂಗಳು ಅಭ್ಯಾಸ ಮಾಡಿದಳು. ಮೂರು ವಚನ, ಇಪ್ಪತ್ತು ನಿಮಿಷ. ಕುರ್ಚಿಯಲ್ಲಿ ಕೂತು, ಬೆನ್ನಿಗೆ ದಿಂಬು ಕೊಟ್ಟು ಹಾಡುತ್ತಿದ್ದಳು. ಎಳೆದುಕೊಂಡ ಮೇಲೆ ಗಂಟಲು ಒಣಗುತ್ತದೆ ಎಂದು ನಡುನಡುವೆ ಬಿಸಿನೀರು. ಔಷಧಿಯ ಕಾವು ಮೂರು ಗಂಟೆ ನಿಲ್ಲುತ್ತದೆ, ಆ ಮೂರು ಗಂಟೆಯೊಳಗೆ ಹಾಡಿ ಮುಗಿಸಬೇಕು ಎಂದು ಅವಳೇ ಲೆಕ್ಕ ಹಾಕಿದ್ದಳು. ತಡವಾದರೆ ಇನ್ನೊಂದು ಸಲ ಎಳೆದುಕೊಳ್ಳಲು ಯಂತ್ರ ಜೊತೆಗಿರಬೇಕು. ಹೊರಡುವ ಹಿಂದಿನ ದಿನ ಇಳಕಲ್ ಸೀರೆ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಹಾಸಿದ್ದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ನನ್ನ ತಲೆಯಲ್ಲಿದ್ದದ್ದು ವಾಸನೆ. ಒಣ ಹೂವಿನ ವಾಸನೆ ಭರಣಿಯ ಮುಚ್ಚಳ ದಾಟಿ ಬರುತ್ತದೆ, ಯಂತ್ರಕ್ಕೂ ಹತ್ತಿಕೊಂಡಿರುತ್ತದೆ. ಕಾರಿನ ಡಿಕ್ಕಿಯಲ್ಲಿ ಬೇರೆಯವರ ಹಣ್ಣಿನ ಬುಟ್ಟಿಯೋ ಹಾರ್ಮೋನಿಯಮ್ಮೋ ಬರುತ್ತದೆ, ಯಾರೋ ಡಿಕ್ಕಿ ತೆಗೆಯುತ್ತಾರೆ. ನಮ್ಮ ಮನೆಗಳಲ್ಲಿ ವಾಸನೆ ಹೋಗಬಾರದ್ದು, ಇರುವೆ ಮುತ್ತುವಂಥದ್ದು, ಕಂಡವರ ಕೈಗೆ ಸಿಗಬಾರದ್ದು ಎಲ್ಲದಕ್ಕೂ ಒಂದೇ ಜಾಗ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ನಮ್ಮಲ್ಲೂ ಒಂದಿತ್ತು. ಚಟ್ನಿಪುಡಿ ತುಂಬಿ ಊರಿನಿಂದ ಬಂದದ್ದು, ಮುಚ್ಚಳ ತೆಗೆಯಲು ಚಮಚದ ಹಿಡಿ ಬೇಕು. ಹೊರಡುವ ದಿನ ಬೆಳಿಗ್ಗೆ ಅದನ್ನು ತೊಳೆದು ಒರೆಸಿ, ಭರಣಿ ಇಟ್ಟೆ, ಯಂತ್ರ ಇಟ್ಟೆ, ಸ್ಟೀಲ್ ಚಮಚ ಇಟ್ಟೆ. ಅಲುಗಾಟಕ್ಕೆ ಯಂತ್ರ ತಾನಾಗಿ ಹೊತ್ತಿಕೊಳ್ಳಬಾರದೆಂದು ಒಳಗಿನ ಬ್ಯಾಟರಿ ತೆಗೆದೆ. ಅದು ಎಚ್ಚರಿಕೆಯ ಕೆಲಸ. ಎರಡು ಬ್ಯಾಟರಿಗಳನ್ನು ಇಡುವ ಪ್ಲಾಸ್ಟಿಕ್ ಪೆಟ್ಟಿಗೆ ಮಾತ್ರ ಡಬ್ಬಿಯಲ್ಲಿ ಹಿಡಿಯಲಿಲ್ಲ. ಪೆಟ್ಟಿಗೆಯನ್ನು ತೆಗೆದು ಹೊರಗಿಟ್ಟು, ಬ್ಯಾಟರಿಗಳನ್ನು ಹಾಗೆಯೇ ಒಳಗೆ ಹಾಕಿದೆ. ಎರಡನೆಯದರ ತಲೆಯ ಹತ್ತಿರ ಹೊದಿಕೆ ಸ್ವಲ್ಪ ಹರಿದಿತ್ತು. ಅದನ್ನೂ ನೋಡಿದ್ದೆ. ಬದಲಿಸಬೇಕು, ನಾಳೆ ಎಂದುಕೊಂಡೆ.

ಬೆರಳಿನ ಉಂಗುರ ಕಳಚಿಟ್ಟು ಕೆಲಸ ಮಾಡುವವನು ನಾನು. ಎರಡು ತೆರೆದ ಬ್ಯಾಟರಿಯನ್ನು, ಒಂದು ಸ್ಟೀಲ್ ಚಮಚದ ಜೊತೆಗೆ, ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಗುದ್ದಿದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಹೊಸಬನೊಬ್ಬ ಪ್ರಯೋಗಾಲಯದಲ್ಲಿ ಹಾಗೆ ಮಾಡಿದ್ದರೆ ಅವತ್ತೇ ಅವನನ್ನು ಮನೆಗೆ ಕಳಿಸುತ್ತಿದ್ದೆ. ಆದರೆ ಮನೆಯ ಅಡುಗೆಕಟ್ಟೆಯ ಮೇಲೆ ಅದು ನನಗೆ ಲೋಹ ಎಂದು ಅನಿಸಲೇ ಇಲ್ಲ. ಅದು ಡಬ್ಬಿ.

ನನ್ನ ಹೆಂಡತಿ ಮೆಟ್ಟಿಲ ಮೇಲೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಾ ಕೆಳಗೆ ನೋಡಿದಳು. "ಬ್ಯಾಟರಿ ಪೆಟಿಗಿ ಇಲ್ಲೇ ಬಿಟ್ರಲ್ಲ?"

"ಬ್ಯಾಟರಿ ವಿಷಯ ನಂಗೆ ಹೇಳ್ಕೊಡ್ಬೇಡ" ಎಂದೆ.

ಡಬ್ಬಿ ಮುಚ್ಚುವ ಮೊದಲು, ಒಂಬತ್ತೂವರೆಗೆ, ಅವಳು ಎಳೆದುಕೊಂಡಿದ್ದಳು. ಹಾಡು ಹನ್ನೊಂದೂವರೆಗೆ ಎಂದು ಪಟ್ಟಿಯಲ್ಲಿತ್ತು. ನಮ್ಮವರ ಪಟ್ಟಿ ಎಂದರೆ ಗೊತ್ತಲ್ಲ. ಹನ್ನೊಂದಕ್ಕೆ ಮೈಕ್ ಬಂತು, ಹನ್ನೆರಡಕ್ಕೆ ದೀಪ ಹಚ್ಚಿದರು, ಆಮೇಲೆ ಮೂವರ ಸ್ವಾಗತ ಭಾಷಣ, ಮಕ್ಕಳ ನೃತ್ಯ. ಹೋಳಿಗೆ ಆರಿಹೋಗುತ್ತದೆ, ಮೊದಲು ಊಟ ಮುಗಿಸಿಬಿಡೋಣ, ವಚನ ಎರಡಕ್ಕೆ ಇಟ್ಟುಕೊಳ್ಳೋಣ ಎಂದು ಯಾರೋ ತೀರ್ಮಾನ ಮಾಡಿದರು. ಸಭೆಯಲ್ಲಿ ಅವಳು ಎಲ್ಲರ ಜೊತೆ ಬೆಂಗಳೂರಿನ ಕನ್ನಡದಲ್ಲಿ ನಗುನಗುತ್ತಾ ಮಾತಾಡುತ್ತಿದ್ದಳು. ಒಂದೂಕಾಲಿಗೆ, ತಟ್ಟೆ ಹಿಡಿದು ನಿಂತಿದ್ದ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಈಗ ಬೇಕ್ರಿ" ಎಂದಳು.

ಕಾರನ್ನು ನಾನು ಕಾರ್ ಪಾರ್ಕಿನ ಕಟ್ಟಕಡೆಯ ಮೂಲೆಯಲ್ಲಿ, ಬೇಲಿಯ ಪಕ್ಕ ನಿಲ್ಲಿಸಿದ್ದೆ. ಯಾರಿಗೂ ಕಾಣಬಾರದೆಂದು. ಅಲ್ಲಿಯವರೆಗೆ ಅವಳು ನಡೆಯಬೇಕಾಯಿತು. ಅರ್ಧದಾರಿಯಲ್ಲಿ ಒಮ್ಮೆ ಬೇರೆ ಯಾರದೋ ಕಾರಿನ ಮೇಲೆ ಕೈಯೂರಿ ನಿಂತಳು. ಬಂದು ಮುಂದಿನ ಸೀಟಿನಲ್ಲಿ ಓರೆಯಾಗಿ, ಕಾಲು ಹೊರಗೆ ಚಾಚಿ ಕೂತಳು. ನಾನು ಡಿಕ್ಕಿ ತೆಗೆದು, ಶಾಲಿನಲ್ಲಿ ಸುತ್ತಿದ ಡಬ್ಬಿಯನ್ನು ಎತ್ತಿಕೊಂಡೆ. ಒಳಗೆ ಏನೋ ಉರುಳಿ ಟಣ್ ಎಂದಿತು.

ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ಡಬ್ಬಿ ಬೆಚ್ಚಗಾಯಿತು. ಬಿಸಿಲಿಗೆ ಎಂದುಕೊಂಡೆ. ಲೆಸ್ಟರಿನ ಏಪ್ರಿಲ್ ಬಿಸಿಲಿಗೆ! ಇನ್ನೆರಡು ಹೆಜ್ಜೆಗೆ ಶಾಲಿನ ಮೇಲಿಂದಲೂ ಕೈ ಸುಟ್ಟಿತು. ಆಗ ತಿಳಿಯಿತು. ಡಬ್ಬಿಯನ್ನು ಕಾರಿನಿಂದ ದೂರಕ್ಕೆ, ಖಾಲಿ ಕಾಂಕ್ರೀಟಿನ ಮೇಲೆ ಎಸೆದೆ. ಮುಚ್ಚಳ ಹಾರಿಹೋಯಿತು. ಸುಂಯ್ ಎಂದು ಬಿಳಿ ಹೊಗೆ ನುಗ್ಗಿತು, ಅದರ ಹಿಂದೆಯೇ ಸುಟ್ಟ ಪ್ಲಾಸ್ಟಿಕ್ಕಿನ ಕಮಟು, ಅದರ ಹಿಂದೆ, ನಾನು ಇಷ್ಟು ದಿನ ಮುಚ್ಚಿಟ್ಟ ವಾಸನೆ, ಇಡೀ ಕಾರ್ ಪಾರ್ಕಿಗೆ ಸಾಕಾಗುವಷ್ಟು.

ಆ ಗಳಿಗೆಯಲ್ಲಿ ನಾನು ಮೊದಲು ಎಲ್ಲಿ ನೋಡಿದೆ ಎಂದು ಮುಚ್ಚಿಡದೆ ಬರೆಯುತ್ತೇನೆ. ಹಾಲ್‌ನ ಬಾಗಿಲ ಕಡೆ ನೋಡಿದೆ. ಯಾರಾದರೂ ಹೊರಗೆ ಬಂದರೇ ಎಂದು. ಯಾರೂ ಇರಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿದೆ. ಅವಳು ಡಬ್ಬಿಯನ್ನು ನೋಡುತ್ತಿರಲಿಲ್ಲ. ನಾನು ಎಲ್ಲಿ ನೋಡುತ್ತಿದ್ದೇನೆ ಎಂಬುದನ್ನು ನೋಡುತ್ತಿದ್ದಳು.

ಹೊಗೆ ನಿಂತ ಮೇಲೆ ಒಂದು ಕೋಲಿನಿಂದ ಕೆದಕಿದೆ. ಒಂದು ಬ್ಯಾಟರಿ ಒಡೆದು ಕಪ್ಪಾಗಿತ್ತು. ಇನ್ನೊಂದರ ಹೊದಿಕೆ ಕರಗಿ ಚಮಚಕ್ಕೆ ಅಂಟಿಕೊಂಡಿತ್ತು. ಭರಣಿ ಒಂದು ಕಡೆ ಕುಸಿದು ಒಳಗಿನದೆಲ್ಲ ಬೂದುಬಣ್ಣವಾಗಿತ್ತು. ಯಂತ್ರದ ಗಾಜು ಸೀಳಿತ್ತು. ಇನ್ನು ಅದರಲ್ಲಿ ಏನೂ ಉಳಿದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಆಗಲೂ ಬರಲಿಲ್ಲ. ಫೋನ್ ತೆಗೆದು, ಆ ಅಳತೆಯ ಬ್ಯಾಟರಿ, ಆ ಥರದ ಯಂತ್ರ ಲೆಸ್ಟರಿನಲ್ಲಿ ಯಾವ ಅಂಗಡಿಯಲ್ಲಿ ಸಿಗಬಹುದು ಎಂದು ಹುಡುಕತೊಡಗಿದೆ. ಸಿಕ್ಕರೂ ಅದರೊಳಗೆ ಹಾಕಲು ಏನಿತ್ತು? ಆದರೂ ಹುಡುಕಿದೆ. ಬೆರಳಿಗೆ ಒಂದು ಕೆಲಸ ಬೇಕಿತ್ತು.

"ಫೋನ್ ಇಡ್ರಿ" ಎಂದಳು. "ಇಲ್ಲಿ ಬಂದು ಕೂಡ್ರಿ."

"ಮನೆಗೆ ಹೊರಟುಬಿಡೋಣ."

"ತಾಸು ಕಾರಿನಾಗ ಕೂಡಾಕ ಆಗೂದಿಲ್ಲ ಈಗ. ಬರ್ರಿ."

ಕಾರಿನ ಬಾಗಿಲ ಪಕ್ಕ ನೆಲದ ಮೇಲೆ ಕೂತೆ. ಕೈಯಲ್ಲಿ ಕುಂಚ ಇರಲಿಲ್ಲ, ನೋಡಲು ಲೈಟು ಇರಲಿಲ್ಲ. ನೋವು ಬಂದದ್ದನ್ನು ನಾನು ಮೊದಲ ಸಲ ಆರಂಭದಿಂದ ನೋಡಿದೆ. ಮೊದಲು ಎಡಪಾದದ ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡವು. ಆಮೇಲೆ ಮೀನಖಂಡ ಗಟ್ಟಿಯಾಗಿ ಅದುರತೊಡಗಿತು. ಅವಳು ಸೀರೆಯ ನೆರಿಗೆಯನ್ನು ಎರಡು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಉಸಿರನ್ನು ಮೂಗಿನಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದಳು. ತುಟಿಯ ಮೇಲೆ ಬೆವರು. ಒಂದು ಅಲೆ ಇಳಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಅವಳು ಕೂಗಲಿಲ್ಲ. ಹಾಗೆ ಕೂಗದಿರುವುದು ಎಷ್ಟು ದೊಡ್ಡ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಇದು ದಿನಕ್ಕೆ ಎಷ್ಟು ಸಲ ಹೀಗಾಗುತ್ತದೆ ಎಂದೂ ಗೊತ್ತಿರಲಿಲ್ಲ. ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಎಂದು ಗೊತ್ತಿತ್ತು. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಅವಳ ಪಾದವನ್ನು ತೊಡೆಯ ಮೇಲೆ ತೆಗೆದುಕೊಳ್ಳಲು ಹೋದೆ. "ಮುಟ್ಟಬ್ಯಾಡ್ರಿ, ಗಾಳಿ ತಾಗಿದ್ರೂ ಉರಿತೈತಿ" ಎಂದಳು. ಅದೂ ನನಗೆ ಗೊತ್ತಿರಬೇಕಾಗಿತ್ತು. ಕೈ ಹಿಂದಕ್ಕೆಳೆದುಕೊಂಡು ಕೂತೆ.

ಎಷ್ಟೋ ಹೊತ್ತಾದ ಮೇಲೆ ಅವಳು ಕಣ್ಣು ಬಿಟ್ಟಳು. ಎರಡಕ್ಕೆ ಹತ್ತು ನಿಮಿಷವಿತ್ತು. ಹಾಲ್ ಕಡೆಯಿಂದ ಮೈಕ್ ಪರೀಕ್ಷೆ ಮಾಡುವ ಸದ್ದು ಬರುತ್ತಿತ್ತು.

"ಒಳಗ ಹೋಗಿ ಹೇಳಿ ಬರ್ರಿ. ಇವತ್ತ ಹಾಡಾಕ ಆಗೂದಿಲ್ಲ ಅಂತ." ಸ್ವಲ್ಪ ತಡೆದು, "ಯಾಕ ಅನ್ನೂದನ್ನ ಖರೇನ ಹೇಳ್ರಿ. ನಾ ಏನ್ ತಗೋತೀನಿ, ಇವತ್ತ ಏನಾತು, ಎಲ್ಲಾ. ಇನ್ನ ನನಗ ಮುಚ್ಚಿಡೂ ಶಕ್ತಿ ಇಲ್ರಿ" ಎಂದಳು.

"ಹೇಳ್ತೀನಿ" ಎಂದೆ. ಮನಸ್ಸಿನಲ್ಲೂ ಹಾಗೆಯೇ ಇತ್ತು. ಕಾರ್ ಪಾರ್ಕ್ ದಾಟುತ್ತಾ ವಾಕ್ಯ ಜೋಡಿಸಿಕೊಂಡೆ. ಅವಳಿಗೆ ನರದ ನೋವು ಇದೆ, ಡಾಕ್ಟರು ಗಾಂಜಾ ಬರೆದುಕೊಟ್ಟಿದ್ದಾರೆ, ಅದನ್ನು ನಾನೇ ಹಾಳುಮಾಡಿದೆ. ಮೂರು ವಾಕ್ಯ. ಬಾಯಿಪಾಠ ಮಾಡಿಕೊಂಡೆ.

ವೇದಿಕೆಯ ಪಕ್ಕ ಪಟ್ಟಿ ಹಿಡಿದು ನಿಂತಿದ್ದವರು ನನ್ನನ್ನು ನೋಡಿ ಕೈಯೆತ್ತಿದರು. "ಸರ್, ಮೇಡಮ್ ಎಲ್ಲಿ? ಅವರದೇ ನೆಕ್ಸ್ಟ್." ಅವರ ಸುತ್ತ ನಾಲ್ಕೈದು ಜನ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದರು. ಶೆಫೀಲ್ಡಿನ ಡಾಕ್ಟರ್ ಅಕ್ಕನೂ ಇದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ.

"ಅವಳಿಗೆ ಜ್ವರ" ಎಂದೆ. "ಇದ್ದಕ್ಕಿದ್ದ ಹಾಗೆ ಬಂದುಬಿಡ್ತು. ಕಾರಲ್ಲಿ ಮಲಗಿದಾಳೆ."

ಅಯ್ಯೋ ಪಾಪ ಎಂದರು ಎಲ್ಲರೂ. ಡಾಕ್ಟರ್ ಅಕ್ಕ ಆಗಲೇ ತಟ್ಟೆ ಕೆಳಗಿಟ್ಟು, ಕೈಚೀಲದಲ್ಲಿ ಮಾತ್ರೆ ಹುಡುಕುತ್ತಾ, ಒಂದು ಲೋಟ ನೀರು ಹಿಡಿದು, "ನಡೀರಿ, ನಾನು ನೋಡ್ತೀನಿ" ಎಂದು ಹೊರಟರು. ನಾನು ಬೇಡ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ನಾನು ಅವರ ಹಿಂದೆಯೇ ನಡೆದೆ. ಓಡಿಹೋಗಿ ಅವಳಿಗೆ ಮೊದಲೇ ಹೇಳಿಬಿಡಲೇ ಎನಿಸಿತು. ಏನೆಂದು ಹೇಳುವುದು?

ಕಾಂಕ್ರೀಟಿನ ಮೇಲೆ ಡಬ್ಬಿ ಬಾಯಿ ತೆರೆದು ಬಿದ್ದಿತ್ತು. ವಾಸನೆ ಇನ್ನೂ ಹೋಗಿರಲಿಲ್ಲ. ಡಾಕ್ಟರ್ ಅದನ್ನು ಒಮ್ಮೆ ನೋಡಿ, ಕಾರಿನ ಬಾಗಿಲ ಹತ್ತಿರ ಬಗ್ಗಿದರು.

"ಏನಮ್ಮಾ, ಜ್ವರ ಅಂತಲ್ಲ?"

ನನ್ನ ಹೆಂಡತಿ ಅವರ ಭುಜದ ಮೇಲಿಂದ ನನ್ನನ್ನು ನೋಡಿದಳು. ಬಹಳ ಹೊತ್ತೇನೂ ಅಲ್ಲ. ಡಾಕ್ಟರ್ ಅಂಗೈ ಹಿಂಬದಿಯನ್ನು ಅವಳ ಹಣೆಗೆ ಇಟ್ಟರು, ಕುತ್ತಿಗೆಗೆ ಇಟ್ಟರು. ಮತ್ತೆ ಹಣೆಗೆ ಇಟ್ಟರು. ಆಮೇಲೆ ಅವರೂ ನನ್ನ ಕಡೆ ತಿರುಗಿದರು. ಈಗ ಹೇಳುತ್ತಾಳೆ ಎಂದುಕೊಂಡೆ. ಹೇಳಲಿ ಎಂದೂ ಅನಿಸಿತು, ನಿಜವಾಗಿ ಅನಿಸಿತು. ಅವಳು ಹೇಳಿದ್ದರೆ ನಾನು ಬಿಡುಗಡೆಯಾಗುತ್ತಿದ್ದೆ.

"ಒಳಜ್ವರ ಇರ್ಬೇಕು ಅಕ್ಕಾ, ಕೈಗೆ ಗೊತ್ತಾಗಲ್ಲ" ಎಂದಳು. "ಇವರು ಸುಮ್ನೆ ಗಾಬರಿ ಮಾಡ್ಕೊಂಡ್ರು."

ಡಾಕ್ಟರ್ ಅಂಗೈಯಲ್ಲಿ ಎರಡು ಪ್ಯಾರಾಸಿಟಮಾಲ್ ಚಾಚಿದರು. ಅವಳು ಸೀರೆಯ ನೆರಿಗೆಯಿಂದ ಒಂದು ಮುಷ್ಟಿ ಬಿಡಿಸಿಕೊಂಡಳು. ಬೆರಳುಗಳು ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲದ ಜ್ವರಕ್ಕೆ ಎರಡೂ ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು, ಲೋಟದ ನೀರನ್ನೆಲ್ಲ ಕುಡಿದಳು.